ಮೊಳೆಯ ಮೇಲಿನ ಗಂಟುಗಳು

ಥೋರಾ ಇಸ್ಬಿಸ್ಟರ್ ಕೇಳಿದ್ದು ಇಷ್ಟೇ:
"ಎರಡು ಲೋಟ ಕುಡಿದ ಮೇಲೂ
ನನ್ನ ಬೆರಳು ಗಂಟು ಹಾಕಬೇಕು."
ಏಡಿ ಹಿಡಿಯುವ ಬುಟ್ಟಿಗೆ ಬಲೆ ಹೆಣೆಯುವವಳು.
ನಾಲ್ಕು ಗಂಟೆಗೆ ಬಾಯಾರುತ್ತದೆ,
ಕೆಲಸ ಮುಗಿಯುವುದು ಆರಕ್ಕೆ.

ಈ ಆರ್ಕ್ನಿಯಲ್ಲಿ ಮನೆಮನೆಗೂ ಏಲ್ ಇದೆ,
ಬಿಯರಿನ ದೊಡ್ಡಪ್ಪ, ಕುದುರೆಯ ಒದೆ.
ಮದುವೆಯ ಮರದ ಚೊಂಬು ಒಂದು ಸುತ್ತು ಬಂದರೆ
ಪಾದ್ರಿಯೂ ಕಲ್ಲುಗೋಡೆ ಹಿಡಿದೇ ಮನೆ ಸೇರಬೇಕು.

ಹಗುರ ಏಲ್ ತಾನೆ, ಅಂದುಕೊಂಡೆ.
ಮೂವತ್ತೊಂದು ವರ್ಷ
ಫೆರ್ರಿಯ ಎಂಜಿನ್ ಕೋಣೆಯಲ್ಲಿ ಬೆಂದವನಿಗೆ
ಒಂದು ಪಾತ್ರೆ ಜವೆಗಂಜಿ ಯಾವ ಲೆಕ್ಕ?

ಮೊದಲನೆಯದು ರಾತ್ರಿ ಎರಡಕ್ಕೆ ಸಿಡಿಯಿತು.
ಸಕ್ಕರೆ ಒಂದು ಹಿಡಿ ಜಾಸ್ತಿ, ತಾಳ್ಮೆ ಒಂದು ವಾರ ಕಡಿಮೆ.
ಮೆಟ್ಟಿಲ ಕೆಳಗೆ ಹದಿನಾಲ್ಕು ಬಾಟಲಿ,
ಒಂದರ ಸಿಟ್ಟು ಇನ್ನೊಂದಕ್ಕೆ ಹತ್ತಿ.
ಬೆಳಿಗ್ಗೆ ಮಳೆಕೋಟಿನ ಜೇಬಿನಿಂದ ಗಾಜು ಹೆಕ್ಕಿದೆ,
ಬದುಕುಳಿದ ಎರಡನ್ನು ಅವಳ ಶೆಡ್ಡಿಗೆ ಒಯ್ದೆ.
ಕುಡಿದಳು. ನೀಲಿ ಹಗ್ಗದ ತುಂಡಿಗೆ ಗಂಟು ಹಾಕಿ
ಗೋಡೆಯ ಮೊಳೆಗೆ ನೇತುಹಾಕಿದಳು.
"ಒಂದು," ಅಂದಳು.
ರುಚಿಯ ಮಾತೇ ಇಲ್ಲ.

ಎರಡನೆಯದಕ್ಕೆ ಆಸ್ಪತ್ರೆಯ ಪಟ್ಟಿಯ ವಾಸನೆ.
ಯೀಸ್ಟನ್ನು ಬೈದೆ, ಪಾತ್ರೆಯನ್ನು ಬೈದೆ,
ಬಾಟಲಿ ಕೊಟ್ಟ ಭಾವನನ್ನೂ ಬೈದೆ.
ತಪ್ಪು ನಲ್ಲಿಯದು, ನೀರಿನೊಳಗಿನ ಕ್ಲೋರಿನ್ನಿನದು.
ಹೇಳಿದ್ದು ಶಾಲೆಯ ಅಡುಗೆಯ ರೋನಾ,
ಈಜುಕೊಳದ ಬೀಗದ ಕೈಯೂ ಅವಳ ಹತ್ತಿರವೇ.
ಒಂದು ಚಿಟಿಕೆ ಪುಡಿ ಸಾಕಾಗಿತ್ತು.
ಒಂದು ಚಿಟಿಕೆಗೆ ಮೂರು ತಿಂಗಳು.

ಜವೆಯ ಮಾಲ್ಟನ್ನು ಅರವತ್ತಮೂರು ಡಿಗ್ರಿಯಲ್ಲಿ ನೆನೆಸಿದರೆ
ಯೀಸ್ಟು ಸಿಹಿಯನ್ನೆಲ್ಲ ನೆಕ್ಕಿ ತಟ್ಟೆ ತೊಳೆದಿಟ್ಟಿತು:
ಏಲ್ ಅಲ್ಲ, ಲೋಟ ಗಲಬರಿಸಿದ ನೀರು.
ಅರವತ್ತೊಂಬತ್ತಕ್ಕೆ ಏರಿಸಿದೆ, ಬಾಯಿ ಅಂಟಿತು.
ಹಾಪ್ಸ್ ಗಂಟೆ ಪೂರ್ತಿ ಕುದಿಸಿದರೆ ನಾಲಿಗೆ ಮಡಚಿಕೊಂಡಿತು,
ಒಲೆ ಆರಿಸಿದ ಮೇಲೆ ಹಾಕಿದರೆ
ಕಿತ್ತಳೆ ಸಿಪ್ಪೆ ಚಿವುಟಿದ ಘಮ,
ಘಮಕ್ಕೆ ಬೆನ್ನುಮೂಳೆಯಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸು.
ಎಂಜಿನ್ನು ಬಡಿದು ಬಡಿದು ಕಲಿಸಿದ್ದು:
ಎರಡು ಬೋಲ್ಟು ಒಟ್ಟಿಗೆ ತಿರುಗಿಸಿದವನಿಗೆ
ಯಾವುದು ಸಡಿಲವಿತ್ತೆಂದು ಎಂದಿಗೂ ತಿಳಿಯದು.
ಹಳೆಯ ಲಾಗ್‌ಬುಕ್ಕಿನ ಖಾಲಿ ಪುಟಗಳಲ್ಲಿ
ಡಿಗ್ರಿ, ಗ್ರಾಮು, ನಿಮಿಷ, ಎಲ್ಲ ಬರೆದೆ.
ಐದು. ಆರು. ಏಳರಲ್ಲಿ ಬೆಣ್ಣೆಯ ವಾಸನೆ.
ಎಂಟಕ್ಕೆ ಥೋರಾ "ಕುಡಿಯಬಹುದು" ಅಂದಳು.
ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂಬತ್ತನೆಯ ದಿನ ಜನವರಿಯ ಗಾಳಿ
ಬಂದರಿನ ಕಂಬ ಉರುಳಿಸಿತು. ಕರೆಂಟಿಲ್ಲ.
ಟಾರ್ಚು ದೋಣಿಯಲ್ಲಿ. ಥರ್ಮಾಮೀಟರಿನ ಗೆರೆ ಕಾಣದು.
ಗ್ಯಾಸಿನ ನೀಲಿ ಬೆಳಕೊಂದೇ.
ಪಾತ್ರೆಗೆ ಕಂಬಳಿ ಸುತ್ತಿ
ಅದರ ಹೊಟ್ಟೆಗೆ ಅಂಗೈ ತಾಗಿಸಿದೆ,
ಬೇರಿಂಗು ಕಾದಿದೆಯೇ ಎಂದು ನೋಡುತ್ತಿದ್ದ ಹಾಗೆ.
ಹಾಪ್ಸ್ ಎರಡು ಹಿಡಿಯೋ, ಮೂರೋ.
ಗಡಿಯಾರ ಕತ್ತಲಲ್ಲಿ ತನ್ನಷ್ಟಕ್ಕೆ ನಡೆಯುತ್ತಿತ್ತು.

ನಾಲ್ಕು ವಾರದ ಮೇಲೆ ಲೋಟಕ್ಕೆ ಬಗ್ಗಿಸಿದೆ:
ಒಣಹುಲ್ಲಿನ ಬಣ್ಣ, ಸಣ್ಣ ಕಣ್ಣಿನ ನೊರೆ.
ಮೊದಲು ಬ್ರೆಡ್ಡಿನ ಕಂದು ಅಂಚು,
ಆಮೇಲೆ ಕಹಿ ಬಂದು ಬಾಯಿ ಒರೆಸಿಕೊಟ್ಟು ಹೋಯಿತು.
ಥೋರಾ ಎರಡು ಲೋಟ ಕುಡಿದಳು.
ಹಗ್ಗ ಎತ್ತಿಕೊಂಡಳು,
ನೋಡಿದಳು,
ಮಡಿಲಿಗಿಟ್ಟು ಮತ್ತೆ ಲೋಟ ಚಾಚಿದಳು.
ಅವತ್ತು ಬುಟ್ಟಿಗಳು ಅರ್ಧಕ್ಕೇ ನಿಂತವು.
"ಬರೆದಿಟ್ಟಿದ್ದೀಯ ತಾನೆ?"

ಒಂಬತ್ತನೆಯ ಪುಟದಲ್ಲಿ ದಿನಾಂಕವಿದೆ,
ಪಾತ್ರೆ ಇಟ್ಟ ಕಂದು ಉಂಗುರವಿದೆ.

ಹತ್ತಕ್ಕೆ ನಾನೇ ದೀಪ ಆರಿಸಿದೆ.
ಕಂಬಳಿ ಅದೇ, ನೀಲಿ ಬೆಳಕು ಅದೇ,
ಟಾರ್ಚನ್ನು ಬೇಕೆಂದೇ ದೋಣಿಯಲ್ಲಿಟ್ಟು ಬಂದೆ.
ಮೊಳೆಯಲ್ಲಿ ಈಗ
ಗಂಟಿಲ್ಲದ ಒಂದು ತುಂಡು,
ಅದರ ಪಕ್ಕ ಹತ್ತನೆಯದು.
ತುಂಬಾ ಚೊಕ್ಕ ಗಂಟು ಅದು.

ಹನ್ನೊಂದಕ್ಕೆ ನೀರು ಕಾಯುತ್ತಿದೆ.
ಅಂಗೈ ಒರೆಸಿಕೊಳ್ಳುತ್ತಿದ್ದೇನೆ.