ಖಾಕಿ ಗುಂಡಿ

ಅಜ್ಜಿ ಚೌರಮ್ಮನ ಜಪಸರದಲ್ಲಿ
ಮೂರನೆಯ ಹತ್ತರ ಏಳನೇ ಮಣಿ, ಮಣಿಯಲ್ಲ:
ಬಿನ್ನಿ ಮಿಲ್ಲಿನ ಖಾಕಿ ಅಂಗಿಯ ಗುಂಡಿ.

ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಕತೆ.
ನನ್ನಪ್ಪನಿಗೆ: "ಮುಷ್ಕರದ ದಿನ ನಿಮ್ಮಪ್ಪ ಕಿತ್ತುಕೊಂಡು ಬಂದದ್ದು."
ಲೂರ್ದು ಅತ್ತೆಗೆ: "ಮಣಿ ನೀನೇ ನುಂಗಿದೆ, ಎರಡು ವರ್ಷದವಳು."
ನನಗೆ: "ಸುಮ್ಮನೆ ಹೇಳೇ, ನಮೋ ಮರಿಯೆ."
ತೂಕಡಿಸಿದರೆ, ಗುಂಡಿ ಬಂದಾಗ ತೊಡೆಗೊಂದು ಚಿವುಟು.

ಎಂಬತ್ತೊಂಬತ್ತು ವರ್ಷ. ಏಳು ಹೆರಿಗೆ, ಉಳಿದವು ಐದು.
ಗಂಗೇನಹಳ್ಳಿಯ ನಸುಕಿನಲ್ಲಿ ಪೂಜೆಗೆ ನಡೆದು
ಲತೀನಿನಲ್ಲಿ, ಒಂದಕ್ಷರ ತಿಳಿಯದೆ, ಅತ್ತವಳು,
ಪೂಜೆ ಕನ್ನಡಕ್ಕೆ ಬಂದ ದಿನ ಮನೆಗೆ ಬಂದು
ಒಲೆ ಊದುತ್ತ ಅಂದಳಂತೆ:
"ಇಷ್ಟು ದಿನ ಹೇಳುತ್ತಿದ್ದುದು ಇಷ್ಟೇನಾ?
ನಾನು ಇನ್ನೂ ಏನೇನೋ ಕೇಳಿಕೊಂಡುಬಿಟ್ಟಿದ್ದೆನಲ್ಲ."

ಸೆಪ್ಟೆಂಬರಿಗೆ ಕಾವಿ ಸೀರೆ, ಬರಿಗಾಲು, ಶಿವಾಜಿನಗರ.
ಮೇಣದ ಕಾಲೊಂದನ್ನು ಕೊಂಡು ಮಾತೆಯ ಮುಂದಿಡುವಳು
ಪಕ್ಕದ ಮನೆಯ ಮೆಹಬೂಬಿಯ ಮಂಡಿನೋವಿಗೆ.
ತನ್ನ ಮಂಡಿಗೆ?
"ಅದು ಬಾಗಲಿಕ್ಕೇ ಇರೋದು, ನೋಯಲಿ ಬಿಡು."
ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾತ್ರ
ಕಂಡಕ್ಟರನೊಡನೆ ಚಿಲ್ಲರೆಗೆ ಜಗಳ,
ಐವತ್ತು ಪೈಸೆ ಬಿಟ್ಟವಳಲ್ಲ.

ಪೆಟ್ಟಿಗೆ ಮುಚ್ಚುವ ಮುನ್ನ ಸರವನ್ನು ಅವಳ ಕೈಗೆ ಸುತ್ತಿದೆವು.
ಗುಂಡಿ ಮೇಲಕ್ಕೇ ಬಂತು.
ಚೆನ್ನಾಗಿ ಕಾಣಲೆಂದು ತಿರುಗಿಸಹೋದ
ಅತ್ತೆಯ ಕೈ ಹಿಡಿದೆ.

ನನ್ನ ಹೊಸ ಸರದಲ್ಲಿ ಎಲ್ಲ ಮಣಿಯೂ ದುಂಡಗೆ.
ಮೂರನೆಯ ಹತ್ತರಲ್ಲಿ ಬೆರಳು ಎಲ್ಲೋ ನಿಲ್ಲುತ್ತದೆ,
ಪ್ರಾರ್ಥನೆ ಮುಂದೆ ಹೋದರೂ
ನಾಲ್ಕು ತೂತು ಹುಡುಕುತ್ತ.