ಗುಂಡಿ

ವಿದ್ಯಾನಗರದಲ್ಲಿ, ಝೆರಾಕ್ಸ್ ಅಂಗಡಿಯ ಮಹಡಿಯ ಮೇಲೆ
ಒಂದು ಮೇಜು, ಎರಡು ಕುರ್ಚಿ, ಮೂರು ಹಳೆಯ ಫೋನು.
ಫೋನಿನೊಳಗೆ ನಾನು ಕಟ್ಟುತ್ತಿರುವ ಚಿತ್ರಶಾಲೆ:
ಹನ್ನೆರಡು ಗೋಡೆ, ನಲವತ್ತು ಚಿತ್ರ,
ಟಿಕೇಟು ಬೇಡ, ಚಪ್ಪಲಿ ಬಿಡಬೇಕಾಗಿಲ್ಲ.
ಕಣ್ಣೂ ಬೇಡ ಎಂದು ಅರ್ಜಿಯಲ್ಲಿ ಬರೆದಿದ್ದೆ;
ದುಡ್ಡು ಬಂದದ್ದು ಆ ಸಾಲಿಗೆ.

ಪರೀಕ್ಷೆ ಮಾಡಲು ಬಂದವರು ಕುಂಞಂಬಣ್ಣ.
ಸೀರೆ ನೇಯುತ್ತಿದ್ದವರು. ಕಣ್ಣಿನ ಒತ್ತಡ ಏರಿ
ಮೊದಲು ಅಂಚು ಹೋಯಿತಂತೆ,
ಆಮೇಲೆ ನಿಧಾನ ಒಡಲು.
ಫೋನು ಅವರ ಹೆಸರಿಗೆ ಮೂರು ಸಲ ತೊದಲಿತು.
"ಇರಲಿ, ರೇಷನ್ ಕಾರ್ಡಿನಲ್ಲೂ ಹೀಗೇ."

ಬಲಕ್ಕೆ ಸರಿಸಿದರೆ ಮುಂದಿನ ಚಿತ್ರ, ಎಂದೆ.
ಲಾಳಿ ಎಸೆದ ಹಾಗೆ ಎಸೆದರು ಬೆರಳನ್ನು,
ನಾಲ್ಕು ಚಿತ್ರ ಹಾರಿ ಐದನೆಯದರಲ್ಲಿ ನಿಂತಿತು.
ಹೆಬ್ಬೆರಳ ದಡ್ಡುಗಟ್ಟಿದ ಚರ್ಮ ಗಾಜಿಗೆ ತಿಳಿಯುವುದಿಲ್ಲ,
ಒತ್ತಿದರೂ ಒತ್ತಿಲ್ಲವೆಂದೇ ಅದರ ಲೆಕ್ಕ.
ಬರೆದುಕೊಂಡೆ: ವೇಗ ತಗ್ಗಿಸು. ಜಾಗ ಹಿಗ್ಗಿಸು.

ಐದನೆಯದು ಬಾಗಿಲು. ನನ್ನ ವಿವರಣೆಯನ್ನು ಫೋನು ಓದಿತು:
'ಮುಚ್ಚಿದ ನೀಲಿ ಬಾಗಿಲು. ವಿಷಾದ ತುಂಬಿದ ಮೌನ.'
"ಎಂಥ ನೀಲಿ?"
ನೀಲಿ ಅಂದರೆ ನೀಲಿ.
"ಒಮ್ಮೆ ಅದ್ದಿದ್ದೋ, ಎರಡು ಸಲವೋ,
ಒಗೆದೊಗೆದು ಬಿಸಿಲಿಗೆ ಹಾಕಿದ್ದೋ?"
ಪರದೆಗೆ ಮುಖ ತಾಗುವಷ್ಟು ಬಗ್ಗಿದೆ.
ಒಂದು ತಿಂಗಳು ನೋಡಿದ ಚಿತ್ರ.
ಕೆಳಗೆ ಒಂದು ಗೇಣು ಬಣ್ಣ ಬಿಟ್ಟಿತ್ತು,
ದಿನಾ ನೀರೆರಚಿ ಹೊಸ್ತಿಲು ತೊಳೆಯುವ ಮನೆ.
ಚಿಲಕದ ಬದಿಯಲ್ಲಿ, ಕೈ ತಾಗಿ ತಾಗಿ, ಕಪ್ಪು.
ನಾನು ಕಂಡಿರಲಿಲ್ಲ.
"ಅದನ್ನು ಬರಿ. ಮತ್ತೆ, ವಿಷಾದ ನೀನು ಹೇಳ್ಬೇಡ ಮಾರಾಯ್ತಿ,
ಅದೆಲ್ಲ ನಾವು ನೋಡಿಕೊಳ್ತೇವೆ."

ತಾಲೂಕು ಕಚೇರಿಯ ಗೋಡೆಯ ಮುಂದೆ
ಅಜ್ಜಿಯೊಟ್ಟಿಗೆ ನಿಂತದ್ದು ನೆನಪಿಗೆ ಬಂತು.
ಮಲಯಾಳದ ನೋಟೀಸು, ಇಬ್ಬರಿಗೂ ಬರಿಯ ಸುರುಳಿ.
ಯಾರನ್ನೋ ಕೇಳಿದೆವು, ಅವನು ಇಡೀ ಹಾಳೆಗೆ ಕಣ್ಣಾಡಿಸಿ
"ನಾಳೆ ಬರ್ಬೇಕಂತೆ" ಎಂದು ಹೋದ.
ಉಳಿದದ್ದರಲ್ಲಿ ಎಂತ ಇತ್ತು, ಎಂತ ಇತ್ತು ಎಂದು
ಬಸ್ಸಿಡೀ ಕೇಳಿದ್ದಳು ಅಜ್ಜಿ.

ಚಾ ತರಲು ಇಳಿದೆ. ಹೆದ್ದಾರಿ ಅಗೆದು ಹಾಕಿದ್ದಾರೆ,
ಆಚೆ ಬದಿಗೆ ದಾಟಿ ಬರಲು ಅರ್ಧ ಗಂಟೆ.
ಮೆಟ್ಟಿಲಲ್ಲೇ ಕೇಳಿಸಿತು ಫೋನಿನ ದನಿ:
'ಗುಂಡಿ. ಗುಂಡಿ. ಗುಂಡಿ.'

ಬಟನ್ ಬೇಡ, ನಮ್ಮದೇ ಪದ ಇರಲಿ ಎಂದು
ಹಠ ಹಿಡಿದು ಹಾಕಿದವಳು ನಾನೇ.
ಮುಚ್ಚುವುದಕ್ಕೆ, ಹಿಂದೆ ಹೋಗುವುದಕ್ಕೆ, ಸಹಾಯಕ್ಕೆ
ಹೆಸರು ಕೊಡಲು ಮರೆತಿದ್ದೆ.
ಕಾಣುವವರಿಗೆ ಒಂದು ಬಾಣ, ಒಂದು ಗುಣಾಕಾರ ಸಾಕಿತ್ತು.

ಕುಂಞಂಬಣ್ಣ ಕೂತೇ ಇದ್ದರು,
ಬೆರಳು ಗಾಜಿನಿಂದ ಒಂದಂಗುಲ ಮೇಲೆ.
"ಒಳಗೆ ಬಿಟ್ಟು ಹೋದೆ. ಹೊರಗೆ ಬರುವುದು ಎಲ್ಲಿಂದ ಅಂತ ಹುಡುಕಿದರೆ
ಇದು ಗುಂಡಿ ಗುಂಡಿ ಅಂತದೆ.
ಗುಂಡಿ ಅಂದಲ್ಲಿ ಕುರುಡ ಕಾಲಿಡ್ತಾನಾ?"

ನಗಬಹುದೋ ತಿಳಿಯದೆ ಲೋಟ ಹಿಡಿದು ನಿಂತೆ.
ಅವರೇ ನಕ್ಕರು.
"ನನಗೇನು ಗುಂಡಿ ಹೊಸತಲ್ಲ.
ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಮೂವತ್ತೆಂಟು ವರ್ಷ.
ಎಡಗಾಲಿಗೊಂದು ಹಲಗೆ, ಬಲಗಾಲಿಗೊಂದು.
ಅವಕ್ಕೆ ಹೆಸರು ಇರಲಿಲ್ಲ.
ಇದ್ದ ಜಾಗ ಬಿಟ್ಟು ಹೋಗ್ತಿರಲಿಲ್ಲ, ಅಷ್ಟೇ."
ಚಾ ಆರಿತ್ತು. ಕುಡಿದರು.

ಆ ರಾತ್ರಿ 'ಹೊರಗೆ' ಎಂದು ಬರೆದೆ.
ಹನ್ನೆರಡು ಗೋಡೆಗೂ ಕೆಳಗೆ, ಎಡಕ್ಕೆ, ಅದೇ ಜಾಗ.

ಬಾಗಿಲು ಇನ್ನೂ ಮುಗಿದಿಲ್ಲ.
ತೆಗೆದರೆ ಕಿರುಗುಟ್ಟುತ್ತದೋ ಎಂದು ಕೇಳಿ ಕಳಿಸಿದ್ದಾರೆ.
ಚಿತ್ರ ಮಾಡಿದವಳು ಉಪ್ಪಳದ ಝುಲೈಖಾ,
ಅವಳಿಗೆ ಫೋನು ಮಾಡಿದೆ.
ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.
ಆಮೇಲೆ ಅಂದಳು,
ಅದು ತೆರೆದದ್ದನ್ನು ನಾನು ಕಂಡಿಲ್ಲ.