ಕಾಗದ ಬರೀತೀವಿ

ಕೆಟರಿಂಗಿನ ಮೆಥಡಿಸ್ಟ್ ಚರ್ಚಿನ ಹಿಂದಿನ ಹಾಲು,
ನವೆಂಬರಿನ ಸಂಜೆ, ಹೀಟರು ಕೆಮ್ಮುತ್ತಿತ್ತು.
ವಾರ್ಡಿಗೆ ಅಭ್ಯರ್ಥಿ ಆರಿಸಲು ಕೂತವರು ಹತ್ತೊಂಬತ್ತು ಜನ,
ಚಹಾ, ಶುಂಠಿ ಬಿಸ್ಕತ್ತು,
ಎದುರಿಗೆ ಒಂದೇ ಒಂದು ಕುರ್ಚಿ.

ಕುರ್ಚಿ ನೋಡಿದ್ದೇ ಹೊಳೆದುಹೋಯಿತು ನನಗೆ:
ಉಪ್ಪಿಟ್ಟು ಕೇಸರಿಬಾತು ಇಲ್ಲ, ಅಷ್ಟೇ ವ್ಯತ್ಯಾಸ.
ಹಾಸನದ ನಮ್ಮ ನಡುಮನೆಯ ಚಾಪೆಯ ಮೇಲೆ
ಏಳು ಸಲ ಹೀಗೇ ಕೂತವಳು ನಾನು,
ಹಾಡಮ್ಮ ಅಂದರೆ ಹಾಡಿ, ನಡೆಯಮ್ಮ ಅಂದರೆ ನಡೆದು.

ಮೊದಲು ಬಂದದ್ದು ಡೆಸ್ಮಂಡ್ ಪಿಕರಿಂಗ್.
ಮದುವೆಯಾಗಿ ಮೂವತ್ತೆರಡು ವರ್ಷ, ಮೊಮ್ಮಕ್ಕಳು ನಾಲ್ಕು,
ಎಲ್ಲರನ್ನೂ ಕರಪತ್ರದ ಮೇಲೆ ಸಾಲಾಗಿ ನಿಲ್ಲಿಸಿದ್ದ, ನಾಯಿ ಸಮೇತ.
ಹೆಂಡತಿ ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದಳು.
'ಕುಟುಂಬವೇ ದೇಶದ ಇಟ್ಟಿಗೆ' ಅಂದ.
ತಲೆದೂಗಿದೆವು. ಯಾರು ಬೇಡ ಅಂತಾರೆ, ಇಟ್ಟಿಗೆ ಒಳ್ಳೆಯದೇ.

ಆಮೇಲೆ ಹೇಜಲ್ ಥಾರ್ನ್‌ಬಿ.
ನಿಂತುಹೋದ ಆಸ್ಪತ್ರೆ ಬಸ್ಸಿನ ವೇಳಾಪಟ್ಟಿಯನ್ನು
ಫೈಲಿನಲ್ಲಿ ಇಟ್ಟುಕೊಂಡು ಬಂದಿದ್ದಳು.
ತೆರೆಯಲು ಬಿಡಲಿಲ್ಲ ಯಾರೂ.
'ನಿಮ್ಮ ಯಜಮಾನರು?' ಕೇಳಿದಳು ಖಜಾಂಚಿ ಮಾರ್ಜರಿ.
'ಇದ್ದರು. ಇಬ್ಬರು. ಒಬ್ಬರಾದ ಮೇಲೆ ಒಬ್ಬರು.'
ಯಾರದೋ ಬಿಸ್ಕತ್ತು ಚಹಾದೊಳಗೆ ಮುರಿದು ಬಿದ್ದದ್ದೂ ಕೇಳಿಸಿತು.
'ಹಾಗಾದರೆ ಮನೆಯಲ್ಲಿ?'
'ಮೊದಲನೆಯವನ ತಾಯಿ. ಅವಳಿಗೆ ಮರೆವು.
ನಾವು ಬಿಟ್ಟದ್ದು ಅವಳಿಗೆ ನೆನಪಿಲ್ಲ, ನಾನೂ ನೆನಪಿಸಿಲ್ಲ.'

ಮಾರ್ಜರಿ ಹಾಳೆಯ ಮೇಲೆ 'ಎರಡು' ಎಂದು ಬರೆದು
ಕೆಳಗೆ ಗೆರೆ ಎಳೆದಳು.
ಅತ್ತೆಯನ್ನು ಬರೆದುಕೊಳ್ಳಲು ಅದರಲ್ಲಿ ಜಾಗವೇ ಇರಲಿಲ್ಲ.

ನಾನು ಎದ್ದು ಹೇಳಬೇಕಿತ್ತು.
ಎಲ್ಲರ ಮನೆ ದೋಸೆಯೂ ತೂತೇ ಅಂತ. ಬಾಯಿಗೂ ಬಂತು,
ಇಂಗ್ಲಿಷಿಗೆ ತಿರುವಿ ಹಾಕುವಷ್ಟರಲ್ಲಿ ಸೀದುಹೋಯಿತು.
ಮೂವತ್ತು ವರ್ಷ ಎಕ್ಸ್‌ರೇ ತೆಗೆದವಳು,
ಈ ಊರಿನ ಅರ್ಧ ಪಕ್ಕೆಲುಬು ನೋಡಿದ್ದೇನೆ;
ಮದುವೆ ಮಾತ್ರ ಯಾವ ಫಿಲ್ಮಿನಲ್ಲೂ ಬಿದ್ದಿಲ್ಲ.
ಅದನ್ನಾದರೂ ಹೇಳಬಹುದಿತ್ತು.
ಆರಿದ ಚಹಾ ಕುಡಿದೆ.

ಹನ್ನೆರಡು, ಏಳು.
ಆ ಏಳರಲ್ಲೊಂದು ನನ್ನ ಚೀಟಿ, ನಾಲ್ಕು ಮಡಿಕೆ ಮಡಿಸಿದ್ದು.
ಅದನ್ನು ಧೈರ್ಯ ಅನ್ನಲಾದೀತೆ.

ಹೊರಗೆ ಕಾಯುತ್ತಿದ್ದ ಹೇಜಲಳ ಕೈ ಕುಲುಕಿ
ಅಧ್ಯಕ್ಷರು ಅಂದರು: 'ಕಾಗದ ಬರೆದು ತಿಳಿಸುತ್ತೇವೆ.'
ಅವಳು ನಕ್ಕಳು.
ಗಂಡಿನ ಕಡೆಯವರು ಚಪ್ಪಲಿ ಮೆಟ್ಟುತ್ತ ಹೇಳುತ್ತಿದ್ದ ಮಾತು ಅದು,
ಊರಿಗೆ ಹೋಗಿ ಕಾಗದ ಬರೀತೀವಿ,
ಬಾಗಿಲ ಸಂದಿಯಲ್ಲಿ ನಿಂತು ನಾನೂ ಹೀಗೇ ನಕ್ಕಿದ್ದೆ.
ಅಪ್ಪ ತಿಂಗಳುಗಟ್ಟಲೆ ಅಂಚೆಯವನನ್ನು ಕರೆದು ಕಾಫಿ ಕೊಡುತ್ತಿದ್ದರು.

ಎಂಟನೆಯವರು ಈಗ ಕಾರಿನಲ್ಲಿ ಕೂತು ಗಾಜಿನ ಮಂಜು ಒರೆಸುತ್ತಿದ್ದರು.
ಅಂದು ಒಂದೂ ಪ್ರಶ್ನೆ ಕೇಳದೆ
ಎಂಜಲು ತಟ್ಟೆಯನ್ನು ತಾವೇ ಒಳಗೆ ತಂದಿಟ್ಟವರು.
ಅಮ್ಮ ಹೌಹಾರಿದ್ದಳು.
'ಏನಾಯಿತು?' ಅಂದರು.
ಬಾಯ್ಲರಿನ ಜಗಳವಾಗಿ ಮಾತು ಬಿಟ್ಟಿದ್ದೆವು,
ಮಂಗಳವಾರದಿಂದೀಚೆಗೆ ಇದೇ ಮೊದಲ ಮಾತು.
'ಇಟ್ಟಿಗೆ ಗೆದ್ದಿತು' ಅಂದೆ.

ತಿರುವಿನಲ್ಲಿ ಹೇಜಲ್ ನಡೆದು ಹೋಗುತ್ತಿದ್ದಳು, ಕಂಕುಳಲ್ಲಿ ಫೈಲು.
ನಾನು ಹೇಳುವ ಮೊದಲೇ ಗಾಡಿ ನಿಧಾನವಾಯಿತು.
ಹಿಂದಿನ ಸೀಟಿನಲ್ಲಿ ಬಾಯ್ಲರಿನ ಹೊಸ ವಾಲ್ವು, ರಸೀದಿ ಸಮೇತ.
ಅದನ್ನು ಸರಿಸಿ ಜಾಗ ಮಾಡಿದೆ.